ವೈಜನಾಥ ಮಗಳನ್ನು ಮಲಗಿಸಿದ್ದು

ಸಂಜೆ ಏಳಾಗುವ ಹೊತ್ತಿಗೆ ಕೊಂಡಾಪುರದ ಆ ಅಪಾರ್ಟ್‌ಮೆಂಟಿನ ಗೇಟಿನ ಮುಂದೆ ಕಂಪನಿಯ ಕ್ಯಾಬು ಬಂದು ಹಾರ್ನ್ ಹೊಡೆಯುತ್ತಿತ್ತು. ಹಾರ್ನ್ ಕೇಳಿದ ಕೂಡಲೇ ಮೂರನೇ ಮಹಡಿಯಲ್ಲಿದ್ದ ವೈಜನಾಥನ ಎದೆ ಧಸಕ್ಕೆನ್ನುತ್ತಿತ್ತು. ಕ್ಯಾಬು ಬರುತ್ತಿದ್ದದ್ದು ಅವನಿಗಲ್ಲ, ಅವನ ಹೆಂಡತಿ ಸ್ನೇಹಲತಾಳಿಗೆ. ಅಮೆರಿಕದಲ್ಲಿ ಬೆಳಗಾಗುವಾಗ ಅಲ್ಲಿಯವರ ಕ್ರೆಡಿಟ್ ಕಾರ್ಡಿನ ತಕರಾರುಗಳನ್ನು ಹೈದರಾಬಾದಿನಲ್ಲಿ ಕೂತು ಫೋನಿನ ಮೇಲೆ ಬಗೆಹರಿಸುವುದು ಅವಳ ನೌಕರಿ. ಆಗೆಲ್ಲ ಊರಿನ ಆ ಭಾಗದಲ್ಲಿ ಗಾಜಿನ ಕಟ್ಟಡಗಳು ಏಳುತ್ತಿದ್ದವು, ಇಂಗ್ಲಿಷು ಬಲ್ಲವರನ್ನು ಹುಡುಕಿ ಹುಡುಕಿ ಕೆಲಸ ಕೊಡುತ್ತಿದ್ದರು. ಸ್ನೇಹಲತಾ ಹೋದಳೆಂದರೆ ಹಾಲಿನವನ ಜೊತೆಗೇ ವಾಪಸು. ಅಲ್ಲಿಯತನಕ ನಾಲ್ಕು ವರ್ಷದ ಮಗಳು ಸುಮಂಗಲಾ, ಮನೆಯವರ ಬಾಯಲ್ಲಿ ಸುಮ್ಮಿ, ಪೂರ್ತಿಯಾಗಿ ವೈಜನಾಥನ ಸುಪರ್ದಿಗೆ.

ವೈಜನಾಥ ಕೆಲಸಕ್ಕೆ ಬಾರದ ಮನುಷ್ಯನೇನಲ್ಲ. ಸಿಕಂದರಾಬಾದಿನ ಒಂದು ಖಾಸಗಿ ಪಾರ್ಸಲ್ ಆಫೀಸಿನಲ್ಲಿ ಬುಕಿಂಗ್ ಕ್ಲರ್ಕು. ಯಾವ ಮೂಟೆ ಯಾವ ಲಾರಿಗೆ ಏರಬೇಕು, ಯಾವ ಲಾರಿ ಯಾವ ಊರಿಗೆ ಹೊರಡಬೇಕು ಎಂಬುದನ್ನು ಕಣ್ಣು ಮುಚ್ಚಿಕೊಂಡು ಹೇಳಬಲ್ಲವನು. ಹಮಾಲರು ಅವನ ಮಾತು ಕೇಳುತ್ತಿದ್ದರು, ಡ್ರೈವರುಗಳು ಬೈದುಕೊಂಡಾದರೂ ಕೇಳುತ್ತಿದ್ದರು. ಹದಿಮೂರು ಕೆಜಿಯ ಸುಮ್ಮಿಯೊಬ್ಬಳೇ ರಾತ್ರಿ ಒಂಬತ್ತಾದ ಮೇಲೆ ಅವನು ಹೇಳಿದಂತೆ ಎಲ್ಲಿಗೂ ಹೊರಡುತ್ತಿರಲಿಲ್ಲ.

ಇದು ಬರೀ ನಿದ್ದೆಯ ಪ್ರಶ್ನೆಯಾಗಿದ್ದರೆ ಅವನು ಅಷ್ಟು ಹೆದರುತ್ತಿರಲಿಲ್ಲ. ಭಾಲ್ಕಿಯಲ್ಲಿ ಅವನ ಅತ್ತೆ ಗುರುಬಾಯಿ ಇದ್ದರು. ಮಗಳು ರಾತ್ರಿ ಪಾಳಿಗೆ ಸೇರಿದಳೆಂದು ಕೇಳಿದ ದಿನವೇ ಅವರು ಫೋನ್ ಮಾಡಿ ಕಟ್ಟಪ್ಪಣೆ ಕೊಟ್ಟಿದ್ದರು. "ನಿನ್ನ ನೌಕರಿಗೆ ನಾ ಅಡ್ಡ ಬರಂಗಿಲ್ಲ. ಆದ್ರ ಅವ್ವಿಲ್ಲದ ಮನ್ಯಾಗ ಕೂಸು ನಿದ್ದಿಗೆಡಬಾರದು ನೋಡು. ಗಂಡಸ್ರ ಕೈಲಿ ಕೂಸು ಮಲಗಿದ್ದು ನಾ ಇಲ್ಲೀತನ ಕಂಡಿಲ್ಲ. ದಸರಾತನ ನೋಡ್ತೀನಿ. ಆಗವಲ್ದು ಅಂದ್ರ ಸುಮ್ಮಿನ್ನ ಇಲ್ಲಿಗೆ ಕರ್ಕೊಂಡ್ ಬರ್ತೀನಿ, ಇಲ್ಲೇ ಸಾಲಿಗೆ ಹಾಕ್ತೀನಿ." ಸ್ನೇಹಲತಾ ಫೋನ್ ಇಟ್ಟು ಗಂಡನ ಕಡೆ ತಿರುಗಿ, "ಕೂಸಿಲ್ಲದ ಮನಿಯಿಂದ ನಾ ನೌಕರಿಗೆ ಹೋಗಂಗಿಲ್ರಿ, ಈಗs ಹೇಳ್ತೀನಿ" ಅಂದಿದ್ದಳು. ಆ ನೌಕರಿಯೆಂದರೆ ಅವಳಿಗೆ ಜೀವ. ಹೀಗಾಗಿ ಮಗಳು ಮನೆಯಲ್ಲಿರುವುದು, ಹೆಂಡತಿ ನೌಕರಿಯಲ್ಲಿರುವುದು, ಎರಡೂ ವೈಜನಾಥನ ಜೋಗುಳದ ಮೇಲೆ ಬಂದು ನಿಂತಿದ್ದವು. ಅವನಿಗೋ ಜೋಗುಳ ಬರುತ್ತಿರಲಿಲ್ಲ.

ಇಂಥ ಸಂಕಟದಲ್ಲಿ ಆ ಪುಸ್ತಕ ಮನೆಗೆ ಬಂತು. ಸ್ನೇಹಲತಾಳ ಟೀಮ್ ಲೀಡರು ಅಮೆರಿಕಕ್ಕೆ ಹೋಗಿ ಬರುವಾಗ ತಂದುಕೊಟ್ಟಿದ್ದ ಚಿತ್ರದ ಪುಸ್ತಕ. ಅಲ್ಲಿ ಮಕ್ಕಳನ್ನು ಮಲಗಿಸಲೆಂದೇ ಇಂಥ ಪುಸ್ತಕ ಮಾಡುತ್ತಾರಂತೆ. ದಪ್ಪ ರಟ್ಟಿನ ಹಾಳೆಗಳು. ಒಂದು ಆನೆಮರಿ ಸಂಜೆ ಹೊತ್ತಿಗೆ ಕೆರೆಗೆ ಹೋಗಿ ನೀರು ಕುಡಿಯುತ್ತದೆ. ಹಕ್ಕಿಗಳು ಗೂಡು ಸೇರುತ್ತವೆ, ಜಿಂಕೆ ಕಣ್ಣು ಮುಚ್ಚುತ್ತದೆ, ಕಪ್ಪೆ ಸುಮ್ಮನಾಗುತ್ತದೆ. ಒಂದೊಂದು ಪುಟಕ್ಕೂ ಬಣ್ಣ ಕಡುನೀಲಿಗೆ ತಿರುಗುತ್ತಾ ಹೋಗಿ, ಕೊನೆಯ ಪುಟದಲ್ಲಿ ಕತ್ತಲು, ಕತ್ತಲಲ್ಲಿ ಆನೆಮರಿಯ ಮುಚ್ಚಿದ ಕಣ್ಣು. ಅಷ್ಟೇ. ಪುಟಕ್ಕೆ ಒಂದು ಸಾಲು ಇಂಗ್ಲಿಷು. ಅದನ್ನು ಮೆಲ್ಲಗೆ ಓದಿದರೆ ಮಗು ಮಲಗುತ್ತದೆಂದು ಹಿಂಬದಿಯಲ್ಲಿ ಬರೆದಿತ್ತು.

ಪುಸ್ತಕ ಮಾಡಿದವರ ಲೆಕ್ಕದಲ್ಲಿ ತಪ್ಪಿರಲಿಲ್ಲ. ಅದು ಭಾಲ್ಕಿ ತಾಲೂಕಿನವನ ಕೈಗೆ ಸಿಗುತ್ತದೆಂದು ಅವರಿಗೆ ಗೊತ್ತಿರಲಿಲ್ಲ, ಅಷ್ಟೇ. ವೈಜನಾಥನ ಕಡೆ ಕಥೆಗೊಂದು ಕಟ್ಟಳೆ ಇದೆ. ಹೇಳುವವರು ಒಂದು ಮಾತು ಹೇಳಬೇಕು, ಕೇಳುವವರು ಹೂಂ ಅನ್ನಬೇಕು. ಹೂಂ ಬಂದರೆ ಮುಂದಿನ ಮಾತು. ಹೂಂ ಬರಲಿಲ್ಲವೆಂದರೆ ಕೇಳುವವರು ಮಲಗಿದರೆಂದು ಅರ್ಥ. ಇದರ ಜೊತೆಗೆ ಅವನ ಅಜ್ಜಿ ಇನ್ನೊಂದನ್ನೂ ಕಲಿಸಿದ್ದಳು: ಹಿಡಿದ ಕಥೆಯನ್ನು ಅರ್ಧಕ್ಕೆ ಬಿಡಬಾರದು, ಬಿಟ್ಟರೆ ಮನೆಗೆ ಒಳ್ಳೆಯದಲ್ಲ. ಈ ಎರಡು ಕಟ್ಟಳೆಗಳನ್ನು ಒಂದೇ ಹಾಸಿಗೆಯಲ್ಲಿ ಮಲಗಿಸಿದರೆ ಮಗು ಮಲಗುವುದಿಲ್ಲ ಎಂಬುದು ವೈಜನಾಥನ ತಲೆಗೆ ಹೊಳೆಯಲೇ ಇಲ್ಲ.

"ಆನೆಮರಿ ಕೆರೀಗೆ ಹೋತು" ಅನ್ನುತ್ತಿದ್ದ.

"ಹೂಂ" ಅನ್ನುತ್ತಿದ್ದಳು ಸುಮ್ಮಿ.

"ನೀರು ಕುಡೀತು."

"ಹೂಂ."

"ಹಕ್ಕಿ ಎಲ್ಲಾ ಗೂಡಿಗೆ ಹೋದ್ವು."

ಉತ್ತರವಿಲ್ಲ. ಸುಮ್ಮಿಯ ರೆಪ್ಪೆ ಕೂಡಿದೆ, ಬಾಯಿ ಅರ್ಧ ತೆರೆದಿದೆ. ಬೇರೆ ಯಾವ ತಂದೆಯಾದರೂ ದೇವರಿಗೆ ಕೈ ಮುಗಿದು ಎದ್ದು ಹೋಗುತ್ತಿದ್ದ. ವೈಜನಾಥನಿಗೆ ಮಾತ್ರ ಉಳಿದ ಪುಟಗಳ ಚಿಂತೆ. ಜಿಂಕೆ ಇದೆ, ಕಪ್ಪೆ ಇದೆ, ಅಮೆರಿಕದಿಂದ ಬಂದ ಕಥೆ, ಅರ್ಧಕ್ಕೆ ಬಿಡುವುದು ಹೇಗೆ?

"ಸುಮ್ಮೀ, ಮಲಗಿದೇನವಾ?"

ಕಣ್ಣು ಪಟ್ಟನೆ ತೆರೆಯುತ್ತಿದ್ದವು. "ಇಲ್ಲಪ್ಪಾ."

"ಮತ್ತ ಹೂಂ ಯಾರು ಅನ್ಬೇಕು?"

"ಹೂಂ" ಎಂದು ಅವಳು ಎದ್ದು ಕೂರುತ್ತಿದ್ದಳು. ಎದ್ದು ಕೂತ ಮಗುವಿಗೆ ಕಥೆ ಬೇಕಲ್ಲ. "ಮುಂದ ಏನಾತು?" ಎಂದು ಕೇಳುತ್ತಿದ್ದಳು. ಮುಂದೆ ಆ ಪುಸ್ತಕದಲ್ಲಿ ಏನೂ ಆಗುವುದಿಲ್ಲ. ಆನೆಮರಿ ಮಲಗುತ್ತದೆ. ವೈಜನಾಥನಿಗೆ ಪುಸ್ತಕದ ಪರವಾಗಿ ನಾಚಿಕೆಯಾಗುತ್ತಿತ್ತು. ಇಷ್ಟು ದೂರದಿಂದ ಬಂದ ಕಥೆಯಲ್ಲಿ ಒಂದು ಹುಲಿಯಾದರೂ ಬೇಡವೇ? ಮೊದಲ ದಿನ ಪೊದೆಯ ಹಿಂದೆ ಹುಲಿಯೊಂದನ್ನು ಇಟ್ಟ. ಮರುದಿನ ಕಳ್ಳರನ್ನು ತಂದ. ಮೂರನೆಯ ದಿನಕ್ಕೆ ಕಳ್ಳರು ಆನೆಮರಿಯನ್ನು ಲಾರಿಗೆ ಹೇರಿ ಸೋಲಾಪುರಕ್ಕೆ ಹೊರಟಿದ್ದರು, ಜಹೀರಾಬಾದ್ ನಾಕಾದಲ್ಲಿ ಲಾರಿ ಪಂಕ್ಚರಾಗಿತ್ತು. ಸುಮ್ಮಿ ಹಾಸಿಗೆಯ ಮೇಲೆ ನಿಂತು ಹೂಂ ಅನ್ನುತ್ತಿದ್ದಳು. ಕೊನೆಗೆ ಮಲಗುತ್ತಿದ್ದವನು ವೈಜನಾಥ. ಯಾವಾಗಲೋ ಬೇಸರವಾಗಿ ಸುಮ್ಮಿಯೂ ಅವನ ಹೊಟ್ಟೆಯ ಮೇಲೆ ತಲೆಯಿಟ್ಟು ಒರಗುತ್ತಿದ್ದಳು.

ಬೆಳಿಗ್ಗೆ ಸ್ನೇಹಲತಾ ಬಂದು, "ಮಲಗಿದ್ಲೇನ್ರಿ?" ಎಂದು ಕೇಳಿದರೆ, "ಪುಸ್ತಕ ತೆಗದೆ, ಮಲಗಿದ್ಲು" ಎಂದು ಹೇಳಿ ಸ್ನಾನಕ್ಕೆ ನುಗ್ಗುತ್ತಿದ್ದ. ಸಣ್ಣ ಸುಳ್ಳು. ಹೆಂಡತಿಯ ನೆಮ್ಮದಿಗಾಗಿ ಹೇಳಿದ್ದು. ಅದು ಅಷ್ಟಕ್ಕೇ ನಿಂತಿದ್ದರೆ ನಮಗೂ ಈ ಕಥೆ ಇರುತ್ತಿರಲಿಲ್ಲ.

ದಸರಾ ಹತ್ತಿರ ಬಂದಾಗ ಗುರುಬಾಯಿಯ ಫೋನು ಬಂತು. ಒಳಗೆ ಸಿಗ್ನಲ್ ಬಾರದ್ದರಿಂದ ವೈಜನಾಥ ಬಾಲ್ಕನಿಗೆ ಹೋಗಿ ಕೂಗಿ ಮಾತಾಡಬೇಕಾಯಿತು.

"ಏನ್ ಅಳಿಯಾರ, ಕೂಸು ಹೆಂಗೈತಿ? ರಾತ್ರಿ ನಿದ್ದಿ ಮಾಡ್ತಾಳೇನು?"

"ಮಸ್ತ್ ಮಾಡ್ತಾಳ್ರಿ ಅತ್ತಿ."

"ಯಾರು ಮಲಗಿಸ್ತೀರಿ?"

"ನಾನs ರಿ. ಒಂದು ಪುಸ್ತಕ ಐತ್ರಿ, ಅಮೆರಿಕದ್ದು. ಮೂರು ಪಾನಾ ತಿರುವೂದ್ರಾಗ ಮಲಗಿಬಿಡ್ತಾಳ. ಖರೇ ಹೇಳ್ಬೇಕಂದ್ರ ಮೂರನೇದ್ದು ತಿರುವೂದs ಬ್ಯಾಡ್ರಿ."

ಗುರುಬಾಯಿ, "ಹಂಗಾದ್ರ ಚಲೋ ಆತು. ನಾಡಿದ್ದು ಬಂದು ಕಣ್ಣಾರೆ ನೋಡ್ತೀನಿ" ಎಂದು ಫೋನ್ ಇಟ್ಟರು.

ಆದರೆ ಅವನು ಕೂಗಿ ಆಡಿದ ಮಾತನ್ನು ಕೇಳಿದವರು ಇನ್ನೊಬ್ಬರಿದ್ದರು. ಪಕ್ಕದ ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುತ್ತಿದ್ದ ಶಂಕ್ರಮ್ಮ, ರಾಯಚೂರು ಕಡೆಯ ಹೆಂಗಸು, ಕೈಯಲ್ಲಿದ್ದ ಚಡ್ಡಿಯನ್ನು ಹಾಗೇ ಹಿಡಿದು ನಿಂತಿದ್ದಳು. "ಅಣ್ಣಾರ, ಮೂರು ಪಾನಾಕ್ಕ ಮಲಗ್ತಾಳೇನ್ರಿ? ನಮ್ಮವು ಎರಡು ಅದಾವ, ಟೀವಿ ಆರಿಸಿದ್ರ ಮನೀನs ಎತ್ತಿ ಒಗೀತಾವ. ನನಗ ಇದನ್ನ ಯಾಕ ಹೇಳಲಿಲ್ಲ ನೀವು?"

ಈಗ ವೈಜನಾಥ, "ಸುಳ್ಳು ಹೇಳಿದೆ ಶಂಕ್ರಮ್ಮಾರ" ಅನ್ನಬಹುದಿತ್ತು. ಆದರೆ ಅವಳಿಗೆ ಹೇಳಿದ್ದು ಸಂಜೆಯೊಳಗೆ ಭಾಲ್ಕಿ ಮುಟ್ಟದೆ ಇರುವುದಿಲ್ಲವೆಂದು ಅವನಿಗೆ ಅನುಭವವಿತ್ತು. "ಎಲ್ಲಾ ಪದ್ಧತಿ ಮ್ಯಾಲೆ ಐತ್ರಿ" ಎಂದು ಗಂಭೀರವಾಗಿ ಹೇಳಿ ಒಳಗೆ ಬಂದ.

ಆ ಮಾತು ಲಿಫ್ಟಿಗಿಂತ ಬೇಗ ಕೆಳಗಿಳಿಯಿತು. ಮೊದಲು ಬಂದವರು ಅಪಾರ್ಟ್‌ಮೆಂಟಿನ ಸೆಕ್ರೆಟರಿ ಆನಂದಕುಮಾರರು. ಜಹೀರಾಬಾದಿನವರು, ರಿಟೈರಾದಂದಿನಿಂದ ನಿದ್ದೆಯಿಲ್ಲದೆ, ಆ ನಿದ್ದೆಯಿಲ್ಲದ ಹೊತ್ತಿನಲ್ಲೆಲ್ಲ ನೀರಿನ ಟ್ಯಾಂಕಿನ ಬಗ್ಗೆ ನೋಟೀಸು ಬರೆಯುತ್ತಿದ್ದವರು. "ವೈಜನಾಥಗಾರು, ಆ ಕಿತಾಬು ಒಂದ್ ರೋಜಿಗೆ ಕೊಡ್ರಿ. ಮಕ್ಳಿಗೇ ಆಗ್ಬೇಕಂತ ಏನಿಲ್ಲಲ್ಲ" ಎಂದು ಪುಸ್ತಕವನ್ನು ಒಂದು ದಿನದ ಮಟ್ಟಿಗೆ ಒಯ್ದರು. ಆ ಸಂಜೆ ಅವರೇ ಕರೆದಿದ್ದ ಕಮಿಟಿ ಮೀಟಿಂಗು ಪಾರ್ಕಿಂಗಿನಲ್ಲಿತ್ತು. ಜನ ಸೇರಿದರು, ಕಾದರು, ಮೇಲೆ ಹೋಗಿ ಬೆಲ್ಲು ಹೊಡೆದರು. ಆನಂದಕುಮಾರರು ಬೆತ್ತದ ಕುರ್ಚಿಯಲ್ಲಿ, ಎದೆಯ ಮೇಲೆ ಆನೆಮರಿಯನ್ನು ಕವುಚಿಕೊಂಡು, ಗೊರಕೆ ಹೊಡೆಯುತ್ತಿದ್ದರು. ಅವರ ಹೆಂಡತಿ ಬಾಗಿಲಲ್ಲಿ ನಿಂತು, ಯಾರೂ ಎಬ್ಬಿಸಬೇಡಿ ಎಂದು ಎಲ್ಲರಿಗೂ ಕೈ ಮುಗಿದರು.

ಮರುದಿನ ಬೆಳಿಗ್ಗೆ ಅವರು ಪುಸ್ತಕದ ಜೊತೆ ಒಂದು ಪೊಟ್ಟಣ ಉಸ್ಮಾನಿಯಾ ಬಿಸ್ಕತ್ತು ತಂದುಕೊಟ್ಟರು. ಲಿಫ್ಟಿನ ಮುಂದೆ ನಿಂತಿದ್ದವರಿಗೆಲ್ಲ ಕೇಳುವಂತೆ, "ಕಮಾಲ್ ಐತ್ರಿ. ನಾನು ನಾಲ್ಕನೇ ಪುಟ ಇವತ್ತೀತನ ನೋಡಿಲ್ಲ" ಅಂದರು.

ಕಮಾಲು ಕಂಡ ಮೇಲೆ ವೈಜನಾಥನನ್ನು ಯಾರು ಬಿಡುತ್ತಾರೆ? ಪದ್ಧತಿ ಏನೆಂದು ಕೇಳಿದರು. ಅವನು ಹೇಳಿಯೂ ಹೇಳಿದ. ದೀಪ ಸಣ್ಣದು ಮಾಡಬೇಕು. ಧ್ವನಿ ಇಳಿಸುತ್ತ ಹೋಗಬೇಕು. ಮಗು ಕಣ್ಣು ಮುಚ್ಚಿದರೆ ಅಲ್ಲಿಗೇ ನಿಲ್ಲಿಸಿಬಿಡಬೇಕು. ಕಥೆಗೆ ತನ್ನದೇನೂ ಸೇರಿಸಬಾರದು. ಎಲ್ಲವೂ ಆ ಪುಸ್ತಕದ ಹಿಂಬದಿಯಲ್ಲಿ ಬರೆದಿದ್ದೇ, ಒಂದಕ್ಷರ ತಪ್ಪಿರಲಿಲ್ಲ. ಇದನ್ನು ಇಷ್ಟು ಚೆನ್ನಾಗಿ ಬಲ್ಲವನು ರಾತ್ರಿ ಅದಕ್ಕೆ ನೇರ ಉಲ್ಟಾ ಮಾಡುತ್ತಿದ್ದನೆಂದರೆ ಜನ ನಂಬಲಿಕ್ಕಿಲ್ಲ. ಆದರೆ ಹೇಳುವಾಗ ಅವನಿಗೆ ತಾನು ಮಾಡುತ್ತಿರುವುದೂ ಅದೇ ಎಂದೇ ಅನಿಸುತ್ತಿತ್ತು.

ಆ ಸಂಜೆ, ಕ್ಯಾಬು ಹೋದ ಮೇಲೆ, ಬೆಲ್ಲಾಯಿತು. ಬಾಗಿಲು ತೆಗೆದರೆ ಶಂಕ್ರಮ್ಮ ತನ್ನ ಎರಡು ಮಕ್ಕಳನ್ನೂ, ಎರಡು ದಿಂಬುಗಳನ್ನೂ ಹಿಡಿದು ನಿಂತಿದ್ದಾಳೆ. ಅವಳ ಹಿಂದೆ ಮೇಲಿನ ಮಹಡಿಯವರ ಮೂರು, ಅವುಗಳ ಹಿಂದೆ ಯಾರದೋ ಒಂದು. "ಹೆಂಗೂ ಒಂದು ಕೂಸಿಗೆ ಓದ್ತೀರಿ ಅಣ್ಣಾರ. ಇವು ಕೇಳ್ಕೋತ ಕುಂತ್ರ ನಿಮಗೇನು ಭಾರ? ಮಲಗಿದ್ ಮ್ಯಾಲೆ ಬಂದು ಎತ್ತಿಕೊಂಡು ಹೋಗ್ತೀವಿ" ಎಂದು ಹೇಳಿ, ಅವನು ಬಾಯಿ ತೆರೆಯುವುದರೊಳಗೆ ಹೊರಟುಹೋದಳು.

ಮಕ್ಕಳಿಗೆ ಹೂಂ ಅನ್ನುವುದನ್ನು ಸುಮ್ಮಿಯೇ ಕಲಿಸಿದಳು. ಒಂದು ಮಾತಿಗೆ ಏಳು ಬಾಯಿಂದ ಒಟ್ಟಿಗೆ ಹೂಂ ಬಂತು. ಗೋಡೆಯ ಕ್ಯಾಲೆಂಡರು ಅಲುಗಿತು. ಮಕ್ಕಳಿಗೆ ಅದು ಭಾರೀ ಇಷ್ಟವಾಗಿ, ಮುಂದಿನ ಹೂಂ ಇನ್ನೂ ಜೋರಾಯಿತು. ಅದರ ಮೇಲೆ ತನ್ನ ಮಾತು ಕೇಳಿಸಬೇಕೆಂದು ವೈಜನಾಥ ಕೂಗತೊಡಗಿದ. ಆನೆಮರಿ ಸೋಲಾಪುರದಿಂದ ತಪ್ಪಿಸಿಕೊಂಡು ರೈಲು ಹತ್ತುವ ಹೊತ್ತಿಗೆ ಅವನ ಕುತ್ತಿಗೆಯ ನರ ಉಬ್ಬಿದ್ದವು.

ಬಾಗಿಲು ದೂಡಿಕೊಂಡು ವಾಚ್‌ಮನ್ ಗೊಲ್ಲಾಳಪ್ಪ ಬಂದ, ಕೈಯಲ್ಲಿ ಬಡಿಗೆ. ಸುರಪುರದ ಕಡೆಯವನು, ಇದೇ ಕಟ್ಟಡಕ್ಕೆ ಕಾಂಕ್ರೀಟು ಹೊರಲು ಬಂದು ಇಲ್ಲಿಯೇ ಉಳಿದವನು. "ಏನ್ ಸಾಹೇಬ್ರ, ಇಷ್ಟೊತ್ತಿನ್ಯಾಗ ಸ್ಲ್ಯಾಬ್ ಹಾಕಾಕತ್ತಾರೇನ್ರಿ ಮತ್ತ? ಕಾಂಕ್ರೀಟ್ ಹೊರುವಾಗ ನಾವೂ ಹಿಂಗs ಎಲ್ಲಾರೂ ಕೂಡಿ ಕೂಗ್ತಿದ್ವಿ."

"ಮಕ್ಕಳನ್ನ ಮಲಗ್ಸಾಕತ್ತೀನೋ ಮಾರಾಯಾ" ಅಂದ ವೈಜನಾಥ. ಮಾತಿನ ಅರ್ಧ ಗಾಳಿಯಾಗಿ ಬಂತು.

ಗೊಲ್ಲಾಳಪ್ಪ ಮಕ್ಕಳನ್ನು ನೋಡಿದ. ಒಬ್ಬ ಮಂಚದ ಮೇಲೆ, ಒಬ್ಬ ಮಂಚದ ಕೆಳಗೆ, ಇಬ್ಬರು ದಿಂಬಿನಿಂದ ಹೊಡೆದಾಡುತ್ತಿದ್ದರು. ಅವನು ಬಡಿಗೆಯನ್ನು ಗೋಡೆಗೆ ಆನಿಸಿ ಹೊಸ್ತಿಲಲ್ಲಿ ಕೂತ. "ಆನಿ ಟಿಕೀಟ್ ತಗೊಂತೇನ್ರಿ?" ಎಂದು ಕೇಳಿದ. ಮುಂದಿನ ಮಾತಿನಿಂದ ಅವನದೂ ಒಂದು ಹೂಂ ಸೇರಿತು, ಅದು ಎಲ್ಲಕ್ಕಿಂತ ದಪ್ಪನೆಯದು.

ಮಲಗಿದ ಮಕ್ಕಳನ್ನು ಎತ್ತಿಕೊಳ್ಳಲು ಬಂದ ತಾಯಂದಿರು ಎಚ್ಚರವಿದ್ದ ಮಕ್ಕಳನ್ನು ಎಳೆದುಕೊಂಡು ಹೋದರು. ವೈಜನಾಥನಿಗೆ ಒಳಗೊಳಗೇ ಸಮಾಧಾನ, ಮಾನ ಹೋದರೂ ಗಲಾಟೆ ಮುಗಿಯಿತಲ್ಲ ಎಂದು. ಆದರೆ ಮರುದಿನ ಆ ಮಕ್ಕಳು ಶಾಲೆಯ ಬಸ್ಸಿನಲ್ಲಿ ಮಲಗಿದರು, ಕ್ಲಾಸಿನಲ್ಲಿ ಮಲಗಿದರು, ಒಬ್ಬನನ್ನು ಶಾಲೆಯ ಆಯಾ ಮನೆಗೆ ಹೊತ್ತುಕೊಂಡು ಬಂದಳು. ಶಂಕ್ರಮ್ಮ ವೈಜನಾಥನ ಆಫೀಸಿಗೇ ಫೋನ್ ಮಾಡಿ ಮನಸ್ಸು ತುಂಬಿ ಹೇಳಿದಳು, "ಪವರ್ ಭಾಳ ಐತ್ರಿ ಅಣ್ಣಾರ ನಿಮ್ಮ ಪುಸ್ತಕಕ್ಕ. ತಡಾ ಮಾಡಿ ಹಿಡೀತದ, ಹಿಡೀತಂದ್ರ ಬಿಡಂಗಿಲ್ಲ."

ವೈಜನಾಥ ಉತ್ತರ ಕೊಡಲು ಬಾಯಿ ತೆರೆದ. ಗಂಟಲಿನಿಂದ ಏನೂ ಬರಲಿಲ್ಲ. ಅವತ್ತೇ ಗುರುಬಾಯಿ ಬರುವ ದಿನ.

ಪಾರ್ಸಲ್ ಆಫೀಸಿನಲ್ಲಿ ಹಗಲೆಲ್ಲ ಕೈಸನ್ನೆಯಲ್ಲಿ ಲಾರಿ ಕಳಿಸಿದ. ಉಪ್ಪುನೀರು, ಅರಿಶಿನದ ಹಾಲು, ಲವಂಗ, ಇರಾನಿ ಚಹಾ, ಯಾರು ಏನು ಹೇಳಿದರೂ ಕುಡಿದ. ಗಂಟಲು ಬಿಡಲಿಲ್ಲ. ಸಂಜೆ ಬಸ್ಸಿನಲ್ಲಿ ನಿಂತುಕೊಂಡೇ ಬರುವಾಗ ಅವನಿಗೆ ನಿಜವಾಗಿ ಭಯವಾಯಿತು. ಸುಮ್ಮಿ ಇಲ್ಲದ ಮನೆಯನ್ನು ಒಮ್ಮೆ ಕಲ್ಪಿಸಿಕೊಂಡ. ಬಾಗಿಲು ತೆಗೆದರೆ ಕಾಲಿಗೆ ಯಾರೂ ಜೋತುಬೀಳುವುದಿಲ್ಲ. ಅಲ್ಲಿಂದ ಮುಂದಕ್ಕೆ ಯೋಚಿಸಲು ಅವನಿಂದಾಗಲಿಲ್ಲ.

ಮನೆಗೆ ಬಂದರೆ ಗುರುಬಾಯಿ ಆಗಲೇ ಬಂದು, ಕಾಲು ತೊಳೆದು, ಅಡುಗೆಮನೆಯ ಡಬ್ಬಿಗಳನ್ನೆಲ್ಲ ಒಂದು ಸುತ್ತು ತೆರೆದು ನೋಡಿ ಮುಗಿಸಿದ್ದರು. "ಸೊರಗೀರಿ ಅಳಿಯಾರ. ನಿದ್ದಿ ಇಲ್ಲೇನು?" ಅಂದರು. ವೈಜನಾಥ ಗಂಟಲು ಮುಟ್ಟಿ ತೋರಿಸಿದ. "ಕೂಸು ಮೂರು ಪಾನಾಕ್ಕ ಮಲಗ್ತದ, ನಿಮಗ ಗಂಟಲಾ ಹೆಂಗ ಹೋತು?" ಎಂದು ಅವರು ಕೇಳಿದರು. ಅದಕ್ಕೆ ಸದ್ಯ ಉತ್ತರ ಕೊಡುವಂತಿರಲಿಲ್ಲ ಎಂಬುದೊಂದೇ ಅವನ ಭಾಗ್ಯ.

ಸ್ನೇಹಲತಾ ಐಡಿ ಕಾರ್ಡು ಕೊರಳಿಗೆ ಹಾಕಿಕೊಂಡು ಅವನನ್ನು ಅಡುಗೆಮನೆಗೆ ಕರೆದಳು. ಕೆಳಗೆ ಹಾರ್ನು ಆಗಲೇ ಶುರುವಾಗಿತ್ತು. "ನನಗ ಎಲ್ಲಾ ಗೊತ್ತೈತ್ರಿ" ಎಂದಳು ಮೆಲ್ಲಗೆ. "ಹಗಲೆಲ್ಲಾ ನನ್ನ ಮಗ್ಗಲಾಗ ಮಲಗಿರ್ತಾಳ. ರಾತ್ರಿ ಮಲಗೋ ಕೂಸು ಹಂಗ ಮಲಗ್ತದೇನು? ನನ್ನ ಜೀವಕ್ಕ ಹಗುರ ಆಗ್ಲಿ ಅಂತ ಸುಳ್ಳು ಹೇಳೀರಿ, ಸಿಟ್ಟಿಲ್ಲ ನನಗ. ಆದ್ರ ಇವತ್ತೊಂದಿನ ಅದನ್ನ ಖರೇ ಮಾಡ್ರಿ. ಅವ್ವ ಮುಂಜಾನಿ ಬಸ್ಸಿಗೆ ಸುಮ್ಮಿಂದೂ ಟಿಕೀಟ ಮಾಡಿಸಿ ಬಂದಾಳ." ವೈಜನಾಥ ತಲೆ ಅಲ್ಲಾಡಿಸಿದ. ಅವಳು ಮೆಟ್ಟಿಲಿಳಿಯುವಾಗ ಒಮ್ಮೆಯೂ ತಿರುಗಿ ನೋಡಲಿಲ್ಲ. ನೋಡಿದ್ದರೆ ಹೋಗುತ್ತಿರಲಿಲ್ಲ.

ಊಟ ಮುಗಿಯುವ ಹೊತ್ತಿಗೆ ಹಾಲ್ ತುಂಬಿತ್ತು. ಮಲಗಿಸುವುದನ್ನು ನೋಡಿ ಕಲಿಯಲೆಂದು ಶಂಕ್ರಮ್ಮ ಬಂದಿದ್ದಳು. ಆನಂದಕುಮಾರರು ಕಮಿಟಿಯ ಪರವಾಗಿ ಬಂದಿದ್ದರು, ಪ್ರತಿ ಶನಿವಾರ ಪಾರ್ಕಿಂಗಿನಲ್ಲಿ ಎಲ್ಲರಿಗೂ ಓದಿಸುವ ಬಗ್ಗೆ ಮಾತಾಡುವುದಿತ್ತಂತೆ. ಗೊಲ್ಲಾಳಪ್ಪ ನೀರಿನ ಮೋಟಾರಿನ ನೆವ ಹೇಳಿಕೊಂಡು ಬಾಗಿಲಲ್ಲಿ ನಿಂತಿದ್ದ. ಅವನಿಗೆ ಆನೆ ರೈಲಿಳಿಯಿತೋ ಇಲ್ಲವೋ ತಿಳಿಯಬೇಕಿತ್ತು.

ಗುರುಬಾಯಿ ಮಲಗುವ ಕೋಣೆಯ ಬಾಗಿಲನ್ನು ಅರ್ಧ ಮುಂದಕ್ಕೆ ಎಳೆದು, ಅದರ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತರು. "ನಡೀಲ್ರಿ" ಅಂದರು.

ಒಳಗೆ ಸಣ್ಣ ದೀಪ. ವೈಜನಾಥ ಮಗಳ ಪಕ್ಕ ಒರಗಿ ಪುಸ್ತಕ ತೆರೆದ. ಆನೆಮರಿ ಕೆರೆಗೆ ಹೋಯಿತೆಂದು ಹೇಳಹೋದ. ಬಂದದ್ದು ಉಸಿರು.

"ಕೇಳ್ಸವಲ್ದಪ್ಪಾ" ಅಂದಳು ಸುಮ್ಮಿ.

ಮತ್ತೊಮ್ಮೆ ಎಲ್ಲ ಬಲ ಹಾಕಿದ. ಕೀರಲು ಬಂದು ಅಲ್ಲಿಯೇ ನಿಂತಿತು. ಹಾಲಿನಲ್ಲಿ ಯಾರೋ ಕೆಮ್ಮಿದರು. ಸುಮ್ಮಿ ಎದ್ದು ಕೂತು ಅವನ ಗಂಟಲನ್ನು ಬೆರಳಿಂದ ಮುಟ್ಟಿ ನೋಡಿದಳು. ಆಮೇಲೆ ಅವನ ಕೈಯಿಂದ ಪುಸ್ತಕ ತೆಗೆದುಕೊಂಡಳು.

"ನೀ ಸುಮ್ನ ಮಲಕೋ. ನಾ ಹೇಳ್ತೀನಿ. ಹೂಂ ಅನ್ಬೇಕು ಮತ್ತ."

ಅಲ್ಲಿಗೆ ಮುಗಿಯಿತು ಎಂದುಕೊಂಡ ವೈಜನಾಥ. ಮಗು ಪುಸ್ತಕ ಹಿಡಿದು ಕೂತಿದೆ, ತಂದೆ ಮಲಗಿದ್ದಾನೆ, ಅತ್ತೆ ನೋಡುತ್ತಿದ್ದಾರೆ. ಅವನಿಗೆ ಕಣ್ಣು ತುಂಬಿ ಬಂತು. ಮಗಳಿಗೆ ಕಾಣಬಾರದೆಂದು ಮೊಣಕೈಯನ್ನು ಮುಖದ ಮೇಲೆ ಅಡ್ಡ ಇಟ್ಟುಕೊಂಡ.

"ಆನೆಮರಿಗೆ ಗಂಟಲಾ ನೋವ ಬಂದಿತ್ತು" ಎಂದು ಶುರು ಮಾಡಿದಳು ಸುಮ್ಮಿ. ವೈಜನಾಥ ಹೇಗೋ ಒಂದು ಹೂಂ ಹೊರಡಿಸಿದ. "ಕೆರಿಯಾಗ ಬಿಸಿನೀರು ಇತ್ತು. ಕುಡೀತು." ಇನ್ನೊಂದು ಹೂಂ, ಅದರಲ್ಲಿ ಅರ್ಧ ಮಾತ್ರ ಹೊರಗೆ ಬಂತು. "ಹಕ್ಕಿ ಅಂದ್ವು, ಗದ್ಲ ಮಾಡಬ್ಯಾಡ್ರಿ, ಇದಕ್ಕ ಆರಾಮ ಇಲ್ಲ." ವೈಜನಾಥ ಬಾಯಿ ತೆರೆದ. ಏನೂ ಬರಲಿಲ್ಲ. ಸುಮ್ಮಿ ಕಾದಳು. "ಅಪ್ಪಾ, ಹೂಂ ಅನ್ನು." ಅವನು ಮತ್ತೆ ಪ್ರಯತ್ನಿಸಿದ. ಗಾಳಿಯೂ ಬರಲಿಲ್ಲ.

ಸುಮ್ಮಿಗೆ ಅನುಮಾನ ಉಳಿಯಲಿಲ್ಲ. ಹೂಂ ನಿಂತಿದೆ, ಅಂದರೆ ಕೇಳುವವನು ಮಲಗಿದ್ದಾನೆ. ಅವಳು ಸದ್ದಾಗದಂತೆ ಮಂಚದಿಂದಿಳಿದು ಬಾಗಿಲಿಗೆ ಬಂದಳು. ಹಾಲಿನಲ್ಲಿ ಕೂತ ಅಷ್ಟೂ ದೊಡ್ಡವರನ್ನು ನೋಡಿ ತುಟಿಯ ಮೇಲೆ ಬೆರಳಿಟ್ಟಳು. "ಶ್, ಅಪ್ಪಾ ಮಲಗ್ಯಾನ. ಆಯಿ, ಯಾರಿಗೂ ಮಾತಾಡ್ಬ್ಯಾಡ ಅನ್ನು" ಎಂದು ಅಜ್ಜಿಗೆ ಅಪ್ಪಣೆ ಕೊಟ್ಟಳು.

ಗೊಲ್ಲಾಳಪ್ಪ ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡ. ಆನಂದಕುಮಾರರಂತೂ ಸೋಫಾದ ಮೂಲೆಯಲ್ಲಿ ಬಹಳ ಮೊದಲೇ ಮಲಗಿದ್ದರು, ಬರೀ ಪುಸ್ತಕ ತೆರೆದ ಸದ್ದೇ ಅವರಿಗೆ ಸಾಕಾಗಿತ್ತು.

ಸುಮ್ಮಿ ಹಿಂತಿರುಗಿ ಬಂದು ಚಾದರವನ್ನು ಎಳೆದು ತಂದೆಗೆ ಹೊದಿಸಿದಳು. ಕಾಲಿಗೆ ಸಾಲಲಿಲ್ಲ, ತನ್ನ ಸಣ್ಣ ಕೌದಿಯನ್ನು ಕಾಲಿಗೆ ಹಾಕಿದಳು. ಉಳಿದ ಪುಟಗಳನ್ನು ಮಾತಿಲ್ಲದೆ ಒಂದೊಂದಾಗಿ ತಿರುವಿದಳು, ಜಿಂಕೆ, ಕಪ್ಪೆ, ಕತ್ತಲು. ಮಲಗಿದವನನ್ನು ಎಬ್ಬಿಸದೆಯೂ ಕಥೆ ಮುಗಿಸಬಹುದೆಂದು ವೈಜನಾಥ ಮೊಣಕೈಯ ಸಂದಿನಿಂದ ಆಗ ನೋಡಿದ. ತನ್ನ ಇಷ್ಟು ದಿನದ ದಡ್ಡತನ ಒಮ್ಮೆಗೇ ತಿಳಿದು ಅವನಿಗೆ ನಾಚಿಕೆಯೂ ಆಯಿತು, ನಗುವೂ ಬಂತು. ನಕ್ಕರೆ ಎಚ್ಚರವಿರುವುದು ಗೊತ್ತಾಗುತ್ತದೆಂದು ತುಟಿ ಕಚ್ಚಿದ. ಅವಳು ಒರಗಿ ಅವನ ಎದೆಯನ್ನು ತಟ್ಟತೊಡಗಿದಳು. ತಟ್ಟುವುದು ನಿಧಾನವಾಯಿತು, ನಡುನಡುವೆ ಮರೆಯಿತು, ನಿಂತಿತು. ಕೈ ಅಲ್ಲಿಯೇ ಉಳಿಯಿತು. ಆ ಕೈ ಜಾರಿದರೆ ಎದ್ದಾಳೆಂದು ವೈಜನಾಥ ಉಸಿರನ್ನೂ ಎಣಿಸಿ ಬಿಡುತ್ತ ಮರದಂತೆ ಬಿದ್ದುಕೊಂಡ.

ಹೊರಗೆ ಗುರುಬಾಯಿ ಒಬ್ಬೊಬ್ಬರನ್ನೇ ಕಣ್ಸನ್ನೆಯಲ್ಲಿ ಎಬ್ಬಿಸಿ ಕಳಿಸಿದರು. ಸೆಕ್ರೆಟರಿಯವರನ್ನು ಗೊಲ್ಲಾಳಪ್ಪ ಹಿಡಿದು ನಡೆಸಿಕೊಂಡು ಹೋದ. ಆಮೇಲೆ ಅತ್ತೆಯ ಹೆಜ್ಜೆ ಕೋಣೆಯೊಳಗೆ ಬಂತು. ವೈಜನಾಥ ಕಣ್ಣು ಬಿಗಿಯಾಗಿ ಮುಚ್ಚಿಕೊಂಡ. ಅವರು ಬಹಳ ಹೊತ್ತು ನಿಂತಿದ್ದರು. ಕೊನೆಗೆ ದೀಪ ಆರಿಸಿ ಹೋದರು.

ಬೆಳಿಗ್ಗೆ ಕ್ಯಾಬು ನಿಲ್ಲುವುದಕ್ಕೂ ಮೊದಲೇ ಸ್ನೇಹಲತಾ ಇಳಿದಿದ್ದಳು. ಲಿಫ್ಟಿಗೆ ಕಾಯದೆ ಮೆಟ್ಟಿಲು ಹತ್ತಿ ಬಂದರೆ, ಗುರುಬಾಯಿ ಸೀರೆ ಸೆರಗು ಹೊದ್ದು, ಚೀಲ ಕೈಯಲ್ಲಿ ಹಿಡಿದು, ಹೊರಡಲು ಬಾಗಿಲಲ್ಲಿ ನಿಂತಿದ್ದಾರೆ. ಅವರ ಹಿಂದೆ ವೈಜನಾಥ. ರಾತ್ರಿಯಿಡೀ ಮಗ್ಗಲು ಬದಲಿಸದೆ ಅವನ ಕುತ್ತಿಗೆ ಒಂದು ಕಡೆ ವಾಲಿತ್ತು, ಕಣ್ಣು ಕೆಂಡವಾಗಿತ್ತು, ದನಿ ಇನ್ನೂ ಬಂದಿರಲಿಲ್ಲ.

"ಅವ್ವಾ, ಸುಮ್ಮಿ?"

"ಒಳಗ ಮಲಗ್ಯಾಳ. ರಾತ್ರಿ ಮಲಗಿದಾಕಿ ಇನ್ನೂ ಎದ್ದಿಲ್ಲ."

"ಎಬ್ಬಿಸಿ ತಯಾರ ಮಾಡ್ಬೇಕೇನು?" ಸ್ನೇಹಲತಾ ಬಾಗಿಲಿಗೆ ಅಡ್ಡ ನಿಂತಳು. "ಕರ್ಕೊಂಡ್ ಹೋಗಾಕತ್ತೀಯೇನವ್ವಾ?"

ಗುರುಬಾಯಿ ತಿರುಗಿ ಅಳಿಯನನ್ನು ತಲೆಯಿಂದ ಕಾಲಿನವರೆಗೆ ಒಮ್ಮೆ ನೋಡಿದರು.

"ಆಕಿನ್ನ ನಾ ಒಯ್ದ್ರ ಇವ್ರನ್ನ ಮಲಗ್ಸೋರು ಯಾರು?" ಎಂದು ಚಪ್ಪಲಿ ಮೆಟ್ಟಿಕೊಂಡರು.